ಮೂರು ಬೆರಳು ಹಿಡಿಸುವ ಬಾಯಿ

‘ಇದು ಆಗೋ ಮಾತಲ್ಲ ಬಿಡು’ ಎಂದವಳು ನಮ್ಮ ಹುಲಿಗೆಮ್ಮತ್ತೆ. ನನ್ನ ಬದುಕಿನಲ್ಲಿ ಆಕೆ ಈ ಮಾತನ್ನು ಎರಡು ಸಲ ಹೇಳಿದ್ದಾಳೆ. ಎರಡು ಸಲವೂ ಎಲೆಯ ಬೆನ್ನಿಗೆ ಸುಣ್ಣ ಸವರುತ್ತ, ನನ್ನ ಮುಖ ಕೂಡ ನೋಡದೆ ಹೇಳಿದ್ದಾಳೆ. ಮೊದಲ ಸಲ, ನಾನು ನರ್ಸಿಂಗ್ ಓದಲು ಬಳ್ಳಾರಿಗೆ ಹೋಗುತ್ತೇನೆ ಎಂದಾಗ. ಎರಡನೇ ಸಲ, ಓದಿ ಬಂದು ಆಕೆಯ ಗುಂಪಿನ ಹೆಂಗಸರ ಬಾಯಿ ತೆರೆಸಿ ನೋಡುತ್ತೇನೆ ಎಂದಾಗ.

ಇದೆಲ್ಲ ಈಗ ಯಾಕೆ ನೆನಪಾಯಿತೆಂದರೆ, ಮೊನ್ನೆ ಕುರುಗೋಡಿನ ಬಸ್ ಸ್ಟ್ಯಾಂಡಿನ ಪಕ್ಕ ಮಂಡಕ್ಕಿ ಒಗ್ಗಾಣಿ, ಮಿರ್ಚಿ ತಿನ್ನುತ್ತ ನಿಂತಿದ್ದೆ. ನಮ್ಮ ಕಡೆ ಬೆಳಗಾಗುವುದೇ ಮಿರ್ಚಿ ಎಣ್ಣೆಗೆ ಬಿದ್ದ ಸದ್ದಿಗೆ. ಪಕ್ಕದಲ್ಲಿ ಒಬ್ಬ ಹಿರಿಯ ಅಮ್ಮ ಮಿರ್ಚಿಯ ಮೇಲಿನ ಕಡ್ಲೆಹಿಟ್ಟನ್ನಷ್ಟೇ ಬಿಡಿಸಿ ತಿಂದು, ಒಳಗಿನ ಮೆಣಸಿನಕಾಯಿಯನ್ನು ಪೇಪರಿನ ಅಂಚಿಗೆ ಸರಿಸಿ ಇಡುತ್ತಿದ್ದರು. ನನ್ನ ಕೈಯಲ್ಲಿದ್ದ ಮಿರ್ಚಿ ಅರ್ಧಕ್ಕೇ ನಿಂತಿತು.

ನನಗೊಂದು ಕೆಟ್ಟ ಚಾಳಿಯಿದೆ. ಬೇರೆಯವರು ಎದುರಿನವರ ಸೀರೆ ನೋಡುತ್ತಾರೆ, ಸರ ನೋಡುತ್ತಾರೆ. ನಾನು ಬಾಯಿ ನೋಡುತ್ತೇನೆ. ಬಸ್ಸಿನಲ್ಲಿ ಯಾರಾದರೂ ಆಕಳಿಸಿದರೆ ನನ್ನ ಕತ್ತು ತಾನಾಗಿಯೇ ಅತ್ತ ಹೊರಳುತ್ತದೆ. ನನ್ನನ್ನು ನೋಡಲು ಬಂದಿದ್ದ ಹುಡುಗ ನಾಚಿಕೊಂಡು ನಕ್ಕಾಗ, ಆತನ ಮೂಗು ಹೇಗಿತ್ತೆಂದು ಅವ್ವ ರಾತ್ರಿ ಕೇಳಿದಳು. ಮೂಗು ನೆನಪಿರಲಿಲ್ಲ. ಎಡಗಡೆಯ ಕೆಳ ಒಸಡು ಸ್ವಲ್ಪ ಊದಿತ್ತು ಎಂದೆ. ಆ ಸಂಬಂಧ ಮುಂದುವರಿಯಲಿಲ್ಲ, ಅದಕ್ಕೆ ಒಸಡು ಕಾರಣವಲ್ಲ, ಅದು ಬೇರೆ ಕಥೆ.

‘ಯಾಕಮ್ಮ, ಮೆಣಸಿನಕಾಯಿ ತಗದಿಟ್ರಿ?’ ಎಂದು ಕೇಳಿಯೇಬಿಟ್ಟೆ.

‘ಇತ್ತಿತ್ತಲಾಗ ಖಾರ ಹತ್ತತೈತವ್ವ. ಬಾಯಿ ಉರಿತೈತಿ’ ಎಂದರು.

ಸೋಮವಾರ ನಮ್ಮ ಆರೋಗ್ಯ ಕೇಂದ್ರಕ್ಕೆ ಬನ್ನಿ ಎಂದು ಹೇಳಿ, ಬಸ್ಸು ತಪ್ಪಿಸಿಕೊಂಡು, ಬರುತ್ತೇನೆಂದು ಅವರಿಂದ ಹೇಳಿಸಿಕೊಂಡೇ ಬಂದೆ. ಅವರು ಬಂದರು. ಗಾಬರಿಯಾಗುವಂಥದ್ದು ಏನೂ ಇರಲಿಲ್ಲ, ಹೊಸದಾಗಿ ಕಟ್ಟಿಸಿದ ಹಲ್ಲು ಕೆನ್ನೆಯ ಒಳಗೆ ತಾಗಿ ಗಾಯವಾಗಿತ್ತು. ಆದರೆ ನನ್ನ ತಲೆಯಲ್ಲಿ ಆಗಲೇ ಹುಲಿಗೆಮ್ಮತ್ತೆ ಬಂದು ಕೂತಾಗಿತ್ತು. ಆಕೆ ಒಮ್ಮೆ ಕೂತರೆ ಸುಲಭಕ್ಕೆ ಏಳುವವಳಲ್ಲ.

ಹುಲಿಗೆಮ್ಮತ್ತೆ ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ಸಿರುಗುಪ್ಪ ಕಡೆಯ ಕರೂರಿನ ನಮ್ಮ ಮನೆಗೇ ಬಂದು ಉಳಿದವಳು. ನಾನು ಹಾಸ್ಟೆಲಿನಿಂದ ತಂದ ಬುದ್ಧನ ಫೋಟೊವನ್ನು ಗೋಡೆಗೆ ಹಾಕಿದಾಗ, ಅದರ ಪಕ್ಕದಲ್ಲೇ ತನ್ನ ಹೆಸರಿನ ದೇವಿಯ ಫೋಟೊ ತೂಗುಹಾಕಿ, ಇಬ್ಬರಿಗೂ ಸೇರಿಸಿ ಒಂದೇ ಊದಿನಕಡ್ಡಿ ಹಚ್ಚಿದವಳು. ಊರಿನಲ್ಲಿ ಆಕೆಯನ್ನು ಮೇಸ್ತ್ರಿ ಎನ್ನುತ್ತಾರೆ. ಮನೆ ಕಟ್ಟುವ ಮೇಸ್ತ್ರಿಯಲ್ಲ, ನೆಲ್ಲು ನಾಟಿಯ ಮೇಸ್ತ್ರಿ. ಕಾಲುವೆಗೆ ನೀರು ಬಂತೆಂದರೆ ಹದಿಮೂರು ಹೆಂಗಸರು ಆಕೆಯ ಹಿಂದೆ ಸಾಲು ಹಿಡಿದು ಗದ್ದೆಗೆ ನಡೆಯುತ್ತಾರೆ.

ಆ ಗುಂಪಿಗೆ ಒಂದು ಕಾನೂನು. ಮಡಿಗೆ, ಅಂದರೆ ಬದು ಕಟ್ಟಿದ ಒಂದು ತುಂಡು ಗದ್ದೆಗೆ, ಇಳಿದರೆ ಎಲ್ಲರೂ ಒಟ್ಟಿಗೆ, ಎದ್ದರೂ ಒಟ್ಟಿಗೆ. ಯಾರದಾದರೂ ಕೈ ಹಿಂದೆ ಬಿದ್ದರೆ ಅಕ್ಕಪಕ್ಕದವರು ಬೈಯುತ್ತಲೇ ಆಕೆಯ ಸಾಲಿಗೂ ಸಸಿ ಹಚ್ಚಿಕೊಂಡು ಹೋಗುತ್ತಾರೆ. ಒಬ್ಬಾಕೆಗೆ ಚಹಾ ಕೊಟ್ಟರೆ ಎಲ್ಲರಿಗೂ ಕೊಡಬೇಕು. ಗದ್ದೆಯವರು ಬದುವಿನ ಮೇಲೆ ಎಲೆ, ಅಡಿಕೆ, ತಂಬಾಕು ಇಡದಿದ್ದರೆ ಯಾರೂ ಕಾಲು ಕೆಸರಿಗೆ ಹಾಕುವುದಿಲ್ಲ. ದವಡೆ ಆಡದೆ ಕೈ ಆಡುವುದಿಲ್ಲ ಎಂಬುದು ಅವರ ನಂಬಿಕೆ. ಬೆಳಗಿನಿಂದ ಸಂಜೆಯತನಕ ಬಗ್ಗಿದ ನಡ, ಕೆನ್ನೆಯ ಒಳಗೆ ತಂಬಾಕಿನ ಉಂಡೆ. ರಜೆಯಲ್ಲಿ ನಾನೂ ಆ ಸಾಲಿನಲ್ಲಿ ಬಗ್ಗಿದ್ದೇನೆ. ತಂಬಾಕು ಮಾತ್ರ ಹಾಕಲಿಲ್ಲ. ಒಮ್ಮೆ ಕದ್ದು ಹಾಕಿಕೊಂಡು ತಲೆ ತಿರುಗಿ ಸಸಿಯ ಕಟ್ಟಿನ ಮೇಲೆಯೇ ಕೂತುಬಿಟ್ಟಿದ್ದೆ. ಆವತ್ತಿನಿಂದ ನನ್ನ ಹೆಸರು ಬಹಳ ದಿನ ‘ಕೂತ ಸುಂಕಿ’ ಆಗಿತ್ತು.

ನರ್ಸಿಂಗ್ ಸೀಟು ಸಿಕ್ಕಿದಾಗ ಅತ್ತೆ ಹೇಳಿದ ಮಾತು ಹೇಳಿದೆನಲ್ಲ. ‘ನೆಲ್ಲು ಹಚ್ಚೋ ಕೈಗೆ ಸೂಜಿ ಹಿಡಿಯಾಕ ಯಾರು ಕೊಡ್ತಾರ? ನಮ್ಮ ಮಂದ್ಯಾಗ ಡಿಗ್ರಿ ಓದಿದಾರು ಯಾರದಾರ ತೋರಸು ನೋಡಾಣ’ ಎಂದು ಕೂಡಿಸಿದಳು. ತೋರಿಸಲು ಯಾರೂ ಇರಲಿಲ್ಲ. ಅದು ನಿಜವೇ. ಆದರೆ ಹಾಗೆಂದವಳೇ ಗುಂಪಿನಿಂದ ನನ್ನ ಹೆಸರು ತೆಗೆಯಲಿಲ್ಲ. ನಾನು ಬಳ್ಳಾರಿಯಲ್ಲಿ ಮೂಳೆಗಳ ಹೆಸರು ಬಾಯಿಪಾಠ ಮಾಡುತ್ತಿದ್ದಷ್ಟು ಕಾಲ, ಗದ್ದೆಯಲ್ಲಿ ನನ್ನ ಪಾಲಿನ ಸಾಲನ್ನೂ ತಾನೇ ಹಚ್ಚಿದಳು. ಈ ಸುದ್ದಿ ನನಗೆ ತಿಳಿದದ್ದು ಓದು ಮುಗಿದ ಮೇಲೆ, ಅದೂ ಬೇರೆಯವರಿಂದ.

ಬಳ್ಳಾರಿಯ ದಿನಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸತ್ಯನಾರಾಯಣಪೇಟೆಯ ಸಂದಿಯೊಂದರಲ್ಲಿ ಹಾಸ್ಟೆಲು. ಸುಂಕಮ್ಮ ಎಂಬ ಹೆಸರು ಹಳ್ಳಿಯದ್ದೆನಿಸಿ ಮೊದಲ ವಾರ ಎಲ್ಲರಿಗೂ ಸುಮಾ ಎಂದು ಹೇಳಿಕೊಂಡೆ. ಹಾಜರಿ ಕರೆದಾಗ ಸಿಕ್ಕಿಬಿದ್ದೆ. ಇಂಗ್ಲಿಷ್ ಪುಸ್ತಕದ ಒಂದು ಪುಟಕ್ಕೆ ಒಂದು ಸಂಜೆ ಹಿಡಿಯುತ್ತಿತ್ತು. ಮೊದಲ ವರ್ಷ ಒಂದು ವಿಷಯದಲ್ಲಿ ಬಿದ್ದೆ, ಮತ್ತೆ ಪರೀಕ್ಷೆ ಕಟ್ಟಿ ಎದ್ದೆ. ಪಾಸಾದೆ. ಇಷ್ಟನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ನಮ್ಮ ಮನೆಯ ಮೊದಲ ಪದವೀಧರೆ ನಾನು.

ಇನ್ನು ಆ ಎರಡನೇ ‘ಆಗೋ ಮಾತಲ್ಲ’. ಅದಕ್ಕೆ ಮೊದಲು ನಮ್ಮಜ್ಜಿಯ ಹಲ್ಲುನೋವಿನ ವಿಷಯ ಹೇಳಬೇಕು.

ಅಜ್ಜಿ ಎಂದರೆ ಅಪ್ಪ ಮತ್ತು ಅತ್ತೆಯ ಅವ್ವ. ನಾನಾಗ ಎರಡನೇ ಕ್ಲಾಸು. ಅಜ್ಜಿಯ ಒಂದು ಕೆನ್ನೆ ಊದಿತ್ತು. ‘ಏನಾಗೈತಿ ಅಜ್ಜಿಗೆ?’ ಎಂದರೆ ‘ಹಲ್ಲುನೋವು’ ಎನ್ನುತ್ತಿದ್ದರು. ನೆರೆಯವರು ಕೇಳಿದರೂ ಹಲ್ಲುನೋವು, ಬೀಗರು ಕೇಳಿದರೂ ಹಲ್ಲುನೋವು. ಆ ಹಲ್ಲುನೋವು ಒಂದೂವರೆ ವರ್ಷ ನಡೆಯಿತು. ಅಜ್ಜಿಯ ತಟ್ಟೆ, ಲೋಟ ಬೇರೆಯಾದವು. ಹಾಸಿಗೆ ಪಡಸಾಲೆಯ ಮೂಲೆಗೆ ಹೋಯಿತು. ಮನೆಗೆ ಬಂದವರು ಬಾಗಿಲಲ್ಲೇ ನಿಂತು ಮಾತಾಡಿ ಹೋಗುತ್ತಿದ್ದರು. ಹುಲಿಗೆಮ್ಮತ್ತೆಯೊಬ್ಬಳೇ ಹತ್ತಿರ ಕೂತು, ಸೆರಗಿನಿಂದ ಬಾಯಿ ಒರೆಸಿ, ಗಂಜಿ ಕುಡಿಸುತ್ತಿದ್ದಳು. ದೊಡ್ಡವರು ತಮ್ಮತಮ್ಮಲ್ಲಿ ‘ದೊಡ್ಡ ಜಡ್ಡು’ ಎಂದು ಪಿಸುಗುಡುತ್ತಿದ್ದರಂತೆ. ಅದರ ನಿಜವಾದ ಹೆಸರು ಹೇಳಿದರೆ ಹೇಳಿದವರ ಮನೆಗೂ ಬರುತ್ತದೆಂದು ಹೆದರಿಕೆ. ಕೊನೆಗೆ ಅಜ್ಜಿ ಹೋದಳು.

ಅದಾದ ಸ್ವಲ್ಪ ದಿನಕ್ಕೆ ನನ್ನ ಹಾಲುಹಲ್ಲೊಂದು ಅಲ್ಲಾಡತೊಡಗಿತು, ನೋವೂ ಬಂತು. ಹಲ್ಲುನೋವು ಬಂದವರು ಸಾಯುತ್ತಾರೆ ಎಂಬುದನ್ನು ನಾನು ಕಣ್ಣಾರೆ ಕಂಡವಳು. ಯಾರಿಗೂ ಹೇಳಲಿಲ್ಲ. ಶಾಲೆಯಲ್ಲಿ ಪಕ್ಕ ಕೂರುತ್ತಿದ್ದ ಗೆಳತಿ ಅಂಬಿಯನ್ನು ಕರೆದು, ‘ನಾ ಸಾಯತೀನಲೇ, ಈ ಸ್ಲೇಟು ನೀ ಇಟ್ಕ’ ಎಂದು ಕೊಟ್ಟೆ. ಅವಳು ಅತ್ತಳು, ಸ್ಲೇಟನ್ನು ಚೀಲಕ್ಕೂ ಹಾಕಿಕೊಂಡಳು. ನಾಲ್ಕು ದಿನ ನಾನು ಮನೆಯ ಮೂಲೆಯಲ್ಲಿ ಅಜ್ಜಿಯ ಹಾಗೆ ಮಲಗಿ ಸಾವಿಗೆ ಕಾದೆ. ಐದನೆಯ ದಿನ ರೊಟ್ಟಿ ಕಚ್ಚಿದಾಗ ಹಲ್ಲು ರೊಟ್ಟಿಯಲ್ಲೇ ಉಳಿಯಿತು. ಅಂಬಿ ಸ್ಲೇಟು ವಾಪಸು ಕೊಡಲಿಲ್ಲ. ಈಗ ಆಕೆಯೂ ಅತ್ತೆಯ ಗುಂಪಿನಲ್ಲಿದ್ದಾಳೆ, ಕೇಳಿದರೆ ‘ಕೊಟ್ಟಮ್ಯಾಲೆ ಕೊಟ್ಟಂಗ’ ಎನ್ನುತ್ತಾಳೆ. ಎಲ್ಲರೂ ನಗುತ್ತೇವೆ. ಆದರೆ ಆ ನಾಲ್ಕು ದಿನ ಒಂದು ಮಗು ಎಷ್ಟು ಹೆದರಿತ್ತೆಂದು ನನಗೆ ಗೊತ್ತು. ಒಂದು ಹೆಸರನ್ನು ಮುಚ್ಚಿಟ್ಟಿದ್ದಕ್ಕೆ.

ಓದು ಮುಗಿದ ಮೇಲೆ ನನ್ನ ಮೊದಲ ನೇಮಕ ನಮ್ಮೂರ ಕಡೆಯ ಒಂದು ಸಣ್ಣ ಆರೋಗ್ಯ ಕೇಂದ್ರಕ್ಕೇ ಆಯಿತು. ಬಿಪಿ, ಶುಗರ್ ನೋಡುವುದು, ಮೂವತ್ತು ದಾಟಿದವರ ಬಾಯಿ ನೋಡುವುದು, ಹೆಂಗಸರಿಗೆ ಎದೆಯ ಮತ್ತು ಗರ್ಭಕೋಶದ ಬಾಯಿಯ ತಪಾಸಣೆ. ತರಬೇತಿಯಲ್ಲಿ ಹೇಳಿಕೊಟ್ಟಂತೆ ಒಂದು ಕೋಣೆ ಸಜ್ಜು ಮಾಡಿದೆ. ಹಸಿರು ಪರದೆ ಹಾಕಿಸಿದೆ. ಒಬ್ಬೊಬ್ಬರನ್ನೇ ಒಳಗೆ ಕರೆಯಬೇಕು, ಗುಟ್ಟು ಕಾಪಾಡಬೇಕು ಎಂದು ಪಾಠ. ಗೋಡೆಗೆ ಬಾಯಿಯ ಹುಣ್ಣುಗಳ ದೊಡ್ಡ ಚಿತ್ರ ಅಂಟಿಸಿದೆ. ಆಮೇಲೆ ಅತ್ತೆಯ ಗುಂಪಿನವರನ್ನೆಲ್ಲ ಕರೆಸಿ, ಹೊಸ ಕೋಟು ಹಾಕಿಕೊಂಡು ಭಾಷಣ ಶುರುಮಾಡಿದೆ.

‘ಬಾಯಿಯ ಒಳಗಿನ ಲೋಳೆಪೊರೆಯಲ್ಲಿ ಬಿಳಿಯ ಅಥವಾ ಕೆಂಪು ಬಣ್ಣದ ಬದಲಾವಣೆಗಳು ಕಂಡುಬಂದಲ್ಲಿ...’

‘ಏನು ಪೊರಿ ಅಂದಿ? ಹಾವಿಂದೇನು?’ ಎಂದಳು ಅತ್ತೆ.

ಅಂಬಿ ಚಿತ್ರದ ಹತ್ತಿರ ಹೋಗಿ ನೋಡಿ, ‘ಅಯ್ಯೋ ದೇವುಡಾ, ಇದು ಯಾರ ಬಾಯಿಲೇ ಸುಂಕಿ? ಬದುಕ್ಯಾನೋ ಇಲ್ಲೋ?’ ಎಂದಳು. ಅಷ್ಟೇ. ಮುಂದಿನ ಒಂದು ತಿಂಗಳು ಆ ಪರದೆಯ ಹಿಂದೆ ಒಬ್ಬ ಹೆಣ್ಣುಮಗಳೂ ಬರಲಿಲ್ಲ. ಬಂದವನೊಬ್ಬ ಗಂಡಸು, ಅವನು ತಲೆನೋವಿನ ಗುಳಿಗೆ ಕೇಳಲು ಬಂದಿದ್ದ.

ರಾತ್ರಿ ಊಟವಾದ ಮೇಲೆ ಅತ್ತೆಯನ್ನು ಕೇಳಿದೆ, ಯಾಕೆ ಯಾರೂ ಬರುತ್ತಿಲ್ಲ ಎಂದು. ‘ಪರದೆ ಹಿಂದ ಒಬ್ಬಾಕಿ ಹೋದ್ಲು ಅಂದ್ರ ಊರೇನಂತೈತಿ? ಆಕಿಗೆ ಅದು ಬಂದೈತಿ ಅಂತೈತಿ. ಮಗಳ ಮದುವಿ ನಿಂದರತೈತಿ. ನಮ್ಮ ಹೆಂಗಸ್ರು ಆ ಜಡ್ಡಿಂದು ಮಾತಾಡಾದು, ಬಾಯಿ ತಗದು ತೋರಸಾದು... ಆಗೋ ಮಾತಲ್ಲ ಬಿಡು’ ಎಂದಳು.

ಹೀಗೆ ಹೇಳಿದ್ದು ಒಂದು ಕಡೆ ಇರಲಿ. ನಾನು ಹೆದರಿದ್ದು ಬೇರೆಯ ಕಾರಣಕ್ಕೆ. ಒಂದು ಭಾನುವಾರ ಸಿರುಗುಪ್ಪದಿಂದ ಬಿಸಿ ಮಿರ್ಚಿ ಕಟ್ಟಿಸಿಕೊಂಡು ಬಂದೆ. ಅತ್ತೆ ಒಂದು ಕಾಲಕ್ಕೆ ಆರು ಮಿರ್ಚಿ ತಿಂದು, ಏಳನೆಯದಕ್ಕೆ ನನ್ನ ತಟ್ಟೆ ನೋಡುತ್ತಿದ್ದವಳು. ಆವತ್ತು ಮೇಲಿನ ಹಿಟ್ಟನ್ನು ಚಿವುಟಿ ಚಿವುಟಿ ತಿಂದು ಮೆಣಸಿನಕಾಯಿ ಬಿಟ್ಟಳು. ತುತ್ತನ್ನು ಬಾಯಿಯ ಬಲಗಡೆಯೇ ಇಟ್ಟು ಅಗಿಯುತ್ತಿದ್ದಳು.

‘ಅತ್ತಿ, ನಾಳೆ ಕೇಂದ್ರಕ್ಕ ಬಾ. ಎರಡು ನಿಮಿಷದ ಕೆಲಸ.’

‘ಹದಿಮೂರು ಮಂದಿನ ಮಡ್ಯಾಗ ಬಿಟ್ಟು ನಾ ಒಬ್ಬಾಕಿ ಯಾವತ್ತರ ಎದ್ದೀನೇನ್ಲೇ?’ ಎಂದು ಕೈ ತೊಳೆದು ಎದ್ದುಹೋದಳು.

ಅದು ನನ್ನನ್ನು ತಳ್ಳಿಹಾಕಲು ಆಡಿದ ಮಾತು. ಆದರೆ ಮಲಗಿದ ಮೇಲೂ ತಲೆಯಲ್ಲಿ ಅದೇ ಸುತ್ತುತ್ತಿತ್ತು. ಒಬ್ಬೊಬ್ಬರನ್ನೇ ಕರೆಯಬೇಕೆಂದು ಹೇಳಿಕೊಟ್ಟವರು ಅತ್ತೆಯ ಗುಂಪನ್ನು ನೋಡಿದವರಲ್ಲ. ನಾನು ನೋಡಿದವಳು, ಆ ಕೆಸರಿನಲ್ಲಿ ನಿಂತವಳು. ಆದರೂ ಕೋಟು ಹಾಕಿಕೊಂಡ ಕೂಡಲೇ ಮರೆತುಬಿಟ್ಟಿದ್ದೆ.

ಮರುದಿನ ಕೋಟು ಬಿಟ್ಟು, ಟಾರ್ಚು ಮತ್ತು ಒಂದು ಡಬ್ಬಿ ಕೈಗವಸು ಹಿಡಿದುಕೊಂಡು ಗದ್ದೆಗೇ ಹೋದೆ. ಮಧ್ಯಾಹ್ನ ಒಂದು ಮಡಿಯ ಕಳೆ ತೆಗೆದು ಎಲ್ಲರೂ ಬದುವಿನ ಮೇಲೆ ಕೂತಿದ್ದರು. ‘ಎಲ್ಲಾರೂ ಕೈ ತೊಳಕಂಡು ಸಾಲಿನಾಗ ನಿಂದರ್ರಿ’ ಎಂದೆ. ‘ಮೂರು ಬೆರಳು ಹಿಂಗ ಒಂದರ ಮ್ಯಾಲೊಂದು ಜೋಡಿಸಿ ಬಾಯಾಗ ನಿಂದರಸಬೇಕು. ತಂಬಾಕಿಗೆ ಬಾಯಿ ಬಿಗದಿದ್ರ ಹಿಡಸಂಗಿಲ್ಲ. ನಿಂತ್ರ ಪಾಸು.’

‘ಫೇಲಾದ್ರ?’ ಎಂದಳು ಅಂಬಿ.

‘ಫೇಲಾದ್ರ ನನ್ನಂಗ ಮತ್ತ ಕಟ್ಟಿ ಪಾಸಾಗಾದು.’

ನಗು ಎದ್ದಿತು. ಆಮೇಲಿನದನ್ನು ನೀವು ನೋಡಬೇಕಿತ್ತು. ಹದಿನಾಲ್ಕು ಹೆಂಗಸರು ಸೀರೆ ಎತ್ತಿ ಕಟ್ಟಿ, ಕಾಲ ತುಂಬ ಕೆಸರು, ಬಾಯೊಳಗೆ ತಮ್ಮದೇ ಮೂರು ಬೆರಳು ಇಟ್ಟುಕೊಂಡು ಒಬ್ಬರ ಮುಖ ಒಬ್ಬರು ನೋಡಿ ಗೊಳ್ಳೆಂದು ನಗಲು ಹೋಗಿ ಕೆಮ್ಮುತ್ತಿದ್ದರು. ‘ಲೇ, ಈಕಿ ಬಾಯಾಗ ಐದೂ ಹಿಡಸ್ತಾವ ನೋಡ್ರೆ!’ ‘ಅದಕ್ಕ ಆಕಿ ಗಂಡ ಗದ್ದ್ಯಾಗ ಮಲಗತಾನ!’ ನಾನು ಒಂದು ತುದಿಯಿಂದ ಟಾರ್ಚು ಬಿಡುತ್ತ ಬಂದೆ. ಕೆನ್ನೆ, ನಾಲಿಗೆಯ ಅಡಿ, ಒಸಡು. ಸಾಲಿನಲ್ಲಿ ನಿಂತಾಗ ಯಾರೂ ಯಾರಿಗೂ ಹೆಸರಿಡುವಂತಿರಲಿಲ್ಲ, ಎಲ್ಲರ ಬಾಯೂ ತೆರೆದಿತ್ತು.

ಸಾಲಿನ ಕೊನೆಗೆ ಅತ್ತೆ. ಮಡಿಯಲ್ಲೂ ಆಕೆಯದು ಯಾವಾಗಲೂ ಕೊನೆಯ ಜಾಗ, ಎಲ್ಲರೂ ಎದ್ದರೆಂದು ನೋಡಿ ಏಳುವವಳು. ಬೆರಳು ಜೋಡಿಸಿದಳು. ಎರಡು ಹೋದವು. ಮೂರನೆಯದು ಹಲ್ಲಿಗೆ ತಾಗಿ ನಿಂತಿತು. ಇನ್ನೊಮ್ಮೆ ಪ್ರಯತ್ನಿಸಿದಳು. ನಗು ಒಬ್ಬೊಬ್ಬರಿಂದಲೇ ನಿಂತಿತು. ಟಾರ್ಚಿನ ಬೆಳಕಿನಲ್ಲಿ ಎಡಗೆನ್ನೆಯ ಒಳಗೆ, ತಂಬಾಕು ಇಡುವ ಜಾಗದಲ್ಲಿ, ಉಗುರಿನಷ್ಟು ಬಿಳಿ ಮಚ್ಚೆ. ಅದರ ನಡುವೆ ಕೆಂಪಗೆ ಸಣ್ಣ ಹುಣ್ಣು. ಎಷ್ಟು ದಿನದಿಂದ ಇದೆ ಎಂದೆ. ‘ಸಂಕ್ರಾಂತಿ ಹಿಂದಲಿಂದ’ ಎಂದಳು. ಆವಾಗ ಯುಗಾದಿ ಹತ್ತಿರ ಬಂದಿತ್ತು.

ಮನೆಗೆ ಬರುವ ದಾರಿಯಲ್ಲಿ ಆಕೆಯೇ ಮಾತು ತೆಗೆದಳು. ‘ನಮ್ಮವ್ವಂದು ಹಿಂಗ ಸುರುವಾಗಿತ್ತು.’ ಸ್ವಲ್ಪ ದೂರ ನಡೆದು, ‘ಬಳ್ಳಾರಿಗೆ ಬರ್ತೀನಿ. ಆದ್ರ ಊರಾಗ ಹಲ್ಲುನೋವು ಅಂತ ಹೇಳಬೇಕು’ ಎಂದಳು.

ನಾನು ಒಪ್ಪಿದೆ. ಒಪ್ಪಬಾರದಿತ್ತೇನೋ. ಆದರೆ ಆಕೆ ಬಸ್ಸು ಹತ್ತುವುದು ಮುಖ್ಯವಾಗಿತ್ತು. ತಡಮಾಡಿದರೆ ಏನಾಗುತ್ತದೆಂದು ನಮ್ಮಿಬ್ಬರಿಗೂ ಗೊತ್ತಿತ್ತು, ಒಂದೇ ಪಡಸಾಲೆಯಲ್ಲಿ ನೋಡಿದ್ದೆವು. ಬಸ್ಸಿನಲ್ಲಿ ಗುರುತಿನವರು ಸಿಕ್ಕಾಗಲೆಲ್ಲ ಅತ್ತೆ ಕೆನ್ನೆ ಹಿಡಿದು ‘ಹಲ್ಲುನೋವು’ ಎಂದು ಮುಲುಗುತ್ತಿದ್ದಳು. ಒಬ್ಬರಿಗೆ ಬಲಗೆನ್ನೆ ಹಿಡಿದು ತೋರಿಸಿದಳು, ಇನ್ನೊಬ್ಬರಿಗೆ ಎಡಗೆನ್ನೆ. ‘ಅತ್ತಿ, ಒಂದ ಕಡಿಗೆ ಹಿಡಿ’ ಎಂದರೆ, ‘ಸುಮ್ನಿರು, ಸುಳ್ಳು ಹೇಳಿ ರೂಢಿ ಇಲ್ಲ ನನಿಗೆ’ ಎಂದಳು.

ಬಳ್ಳಾರಿಯ ದವಾಖಾನೆಯಲ್ಲಿ ಕೆನ್ನೆಯಿಂದ ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸಿದರು. ಕೆಲವು ದಿನ ಬಿಟ್ಟು ಮತ್ತೆ ಹೋದೆವು. ಅತ್ತೆ ಹೊರಗೆ ಕೂತಿದ್ದಳು. ಡಾಕ್ಟರಮ್ಮ ರಿಪೋರ್ಟು ನನ್ನ ಮುಂದಿಟ್ಟು, ‘ಬಹಳ ಸಣ್ಣದಿರುವಾಗಲೇ ಸಿಕ್ಕಿದೆ. ಆಪರೇಷನ್ ಮಾಡಿ ತೆಗೆಯೋಣ. ಅವರಿಗೆ ನಾನು ಹೇಳಲಾ, ನೀವು ಹೇಳ್ತೀರಾ?’ ಎಂದರು. ನಾನೇ ಹೇಳುತ್ತೇನೆ ಎಂದೆ. ಪದವಿಯ ಗತ್ತು ನೋಡಿ.

ಹೊರಗೆ ಬೇವಿನ ಮರದ ಕಟ್ಟೆಯ ಮೇಲೆ ಅತ್ತೆಯ ಪಕ್ಕ ಕೂತೆ. ಅಲ್ಲಿಂದ ಕೋಟೆಯ ಗುಡ್ಡ ಕಾಣುತ್ತಿತ್ತು. ಗುಡ್ಡವನ್ನೇ ನೋಡುತ್ತ, ‘ಅತ್ತಿ, ಅದೇನಂದ್ರ... ಒಂದು ಸಣ್ಣ ಗಡ್ಡಿ. ಗಡ್ಡಿ ಅಂದ್ರ ಗಡ್ಡಿ ಅಲ್ಲ. ಅಲ್ಲಿ ಒಂದೀಟು ಬ್ಯಾರೆ ತರದ್ದು ಬೆಳದೈತಿ...’ ಎಂದು ಏನೇನೋ ತೊದಲಿದೆ. ಪರೀಕ್ಷೆಯ ಹಾಳೆಗಳಲ್ಲಿ ಆ ಪದವನ್ನು ಪುಟಗಟ್ಟಲೆ ಬರೆದು ಅಂಕ ತೆಗೆದವಳು ನಾನು. ಅತ್ತೆಯ ಮುಂದೆ ಮಾತ್ರ ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಹೇಳುತ್ತಿದ್ದೆ. ಊರಿನವರಂತೆಯೇ ನಾನೂ ಅದರ ಸುತ್ತ ಸುತ್ತಿ ಬರುತ್ತಿದ್ದೆ.

ಅತ್ತೆ ನನ್ನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. ‘ಲೇ ಸುಂಕಿ. ನಾಕು ವರ್ಷ ಓದಿದ್ದು ಯಾತಕ್ಕ? ಹೆಸರು ಹೇಳು.’

‘ಕ್ಯಾನ್ಸರ್, ಅತ್ತಿ.’

‘ಹ್ಞಾಂ.’

‘ಸಣ್ಣದೈತಿ. ಈಗ ಸಿಕ್ಕೈತಿ. ತಗದ್ರ ಹೋಗತೈತಿ ಅಂದಾರ. ಆಮ್ಯಾಲೆ ತಿಂಗಳಿಗೊಮ್ಮೆ ಬಂದು ತೋರಸಬೇಕು. ತಂಬಾಕು ಇವತ್ತ ಬಿಡಬೇಕು.’

ಮುಂದೆ ಒಬ್ಬ ಆಟೊದವನು ಇನ್ನೊಬ್ಬನ ಜೊತೆ ಜಗಳವಾಡುತ್ತಿದ್ದ, ಅದು ಮುಗಿಯುವತನಕ ಅತ್ತೆ ನೋಡಿದಳು. ‘ನಮ್ಮವ್ವಗ ಇದನ್ನ ಯಾರೂ ಹೇಳಲಿಲ್ಲ ನೋಡು’ ಎಂದಳು. ‘ಸಾಯೋತನಕ ಆಕಿ ಹಲ್ಲ ಬಯ್ದಳು. ನನಿಗೂ ಗೊತ್ತಿತ್ತು, ನಾನೂ ಹೇಳಲಿಲ್ಲ.’ ಸೊಂಟದಿಂದ ಎಲೆಯಡಿಕೆಯ ಚೀಲ ಬಿಚ್ಚಿ, ಒಳಗಿನದನ್ನೆಲ್ಲ ಮರದ ಬುಡಕ್ಕೆ ಸುರಿದು, ಖಾಲಿ ಚೀಲವನ್ನು ಮಡಿಸಿ ನನ್ನ ಕೈಗಿತ್ತಳು. ‘ಹೆಸರಿದ್ರ ಬಯ್ಯಾಕರ ಬರತೈತಿ.’

ಆಪರೇಷನ್ ಆಯಿತು. ಕುತ್ತಿಗೆಯ ಗಂಟುಗಳನ್ನೂ ನೋಡಿ, ಹರಡಿಲ್ಲ ಎಂದರು. ಗಾಯ ಒಣಗುವವರೆಗೆ ಗಂಜಿ, ಬಾಯಿ ಸಡಿಲಾಗಲು ದಿನವೂ ವ್ಯಾಯಾಮ. ಕನ್ನಡಿಯ ಮುಂದೆ ನಿಂತು ಬಾಯಿ ತೆರೆದು ಮುಚ್ಚುವ ಅತ್ತೆಯನ್ನು ನೋಡಿ ಪಕ್ಕದ ಮನೆಯ ಕೂಸೊಂದು ಹೆದರಿ ಅತ್ತಿತು. ನೋವಿನ ದಿನಗಳೂ ಇದ್ದವು, ತಂಬಾಕಿಲ್ಲದೆ ಮನೆಯವರ ಮೇಲೆಲ್ಲ ಹರಿಹಾಯ್ದ ದಿನಗಳೂ ಇದ್ದವು, ಅವನ್ನು ಸಿಹಿ ಮಾಡಿ ಬರೆಯುವುದಿಲ್ಲ.

ಮುಂಗಾರಿನ ನೀರು ಬಿಟ್ಟಾಗ ಅತ್ತೆ ಮತ್ತೆ ಗದ್ದೆಗೆ ಹೊರಟಳು. ನಾನೂ ಹೋದೆ, ನೋಡಲೆಂದೇ. ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತು. ಈ ಗುಂಪಿನಲ್ಲಿ ಎಲ್ಲರ ಬುತ್ತಿಯೂ ಒಂದೇ ಬಟ್ಟೆಯ ಮೇಲೆ ಬೀಳುತ್ತದೆ, ಯಾರ ರೊಟ್ಟಿಗೆ ಯಾರ ಚಟ್ನಿ ಎಂಬ ಲೆಕ್ಕವಿಲ್ಲ. ಆವತ್ತು ಅತ್ತೆ ತನ್ನ ಗಂಟು ಹಿಡಿದು ನಾಲ್ಕು ಮಾರು ದೂರ, ಬೇರೆ ಬದುವಿನ ಮೇಲೆ ಹೋಗಿ ಕೂತಳು. ಯಾರೂ ಹೇಳಿರಲಿಲ್ಲ. ತನ್ನ ತಟ್ಟೆಯನ್ನು ತಾನೇ ಬೇರೆ ಮಾಡಿಕೊಂಡಿದ್ದಳು. ಹೆಂಗಸರು ಒಬ್ಬರನ್ನೊಬ್ಬರು ನೋಡಿದರು. ಅಂಬಿ ಕೂಗಿದಳು, ‘ಯತ್ತೀ, ಹಲ್ಲು ಹೆಂಗೈತಿ?’

ಅತ್ತೆ ತುತ್ತು ಕೆಳಗಿಟ್ಟಳು. ‘ಹಲ್ಲಲ್ಲಲೇ ಅಂಬಿ. ಕ್ಯಾನ್ಸರ್ ಆಗಿತ್ತು ನನಿಗೆ. ಕೊಯ್ದು ತಗದಾರ.’

ಅಂಬಿ ಎದ್ದು ಹೋದಳು. ಅತ್ತೆಯ ಎದುರು ಕುಕ್ಕರಗಾಲಲ್ಲಿ ಕೂತು, ಅತ್ತೆ ಮುರಿದಿಟ್ಟ ರೊಟ್ಟಿಯ ತುಂಡನ್ನೇ ಎತ್ತಿ, ಅತ್ತೆಯ ಚಟ್ನಿಯಲ್ಲೇ ಅದ್ದಿ ಬಾಯಿಗಿಟ್ಟುಕೊಂಡಳು. ಅಗಿಯುತ್ತ, ‘ಉಪ್ಪು ಕಮ್ಮಿ ಆಗೈತಿ’ ಎಂದಳು. ಇದು ಅಂಟುವ ಜಡ್ಡಲ್ಲವೆಂದು ಆ ಭಾಷಣದ ದಿನ ನಾನು ಚಿತ್ರ ತೋರಿಸಿ ಹೇಳಿದ್ದು ಯಾರ ತಲೆಗೂ ಹೋಗಿರಲಿಲ್ಲ ಎಂದುಕೊಂಡಿದ್ದೆ. ಹೋಗಿತ್ತು. ಉಳಿದವರೂ ಬುತ್ತಿ ಎತ್ತಿಕೊಂಡು ಅಲ್ಲಿಗೇ ನಡೆದರು. ಅಲ್ಲಿ ಜಾಗ ಸಾಲದೆ ಇಬ್ಬರು ಕೆಸರಿನಲ್ಲೇ ಕೂತರು.

ಆ ಊಟದಲ್ಲಿ ಎಷ್ಟು ಮಾತು ಹೊರಬಂದವು! ಒಬ್ಬಾಕೆಯ ತಾಯಿ ಸತ್ತದ್ದು ‘ಹೊಟ್ಟೆನೋವಿಗೆ’ ಅಲ್ಲವಂತೆ. ಇನ್ನೊಬ್ಬಾಕೆ ಎದೆಯಲ್ಲಿ ಗಂಟು ಇಟ್ಟುಕೊಂಡು ಮಳೆಗಾಲದಿಂದ ಮಳೆಗಾಲಕ್ಕೆ ಎರಡು ವರ್ಷ ದೂಡಿದ್ದಳಂತೆ. ಆ ವಾರವೇ ಹದಿನಾಲ್ಕೂ ಮಂದಿ ಕೇಂದ್ರಕ್ಕೆ ಬಂದರು. ಬದುವಿನ ಮೇಲೆ ಮಾಡಲಾಗದ ತಪಾಸಣೆಗಳು ಅವು, ಪರದೆ ಬೇಕೇಬೇಕು. ಈಗ ಪರದೆಯ ಹಿಂದೆ ಒಬ್ಬಾಕೆ, ಈಚೆ ಹದಿಮೂರು ಮಂದಿಯ ಗದ್ದಲ. ‘ಮುಗೀತೇನೇ?’ ‘ಜಲ್ದಿ ಬಾರೆ, ನನ್ನ ಪಾಳಿ!’ ಆ ಗಂಟಿನಾಕೆಯನ್ನು ಬಳ್ಳಾರಿಗೆ ಕಳಿಸಿದೆವು, ಜೊತೆಗೆ ಅತ್ತೆಯೇ ಹೋದಳು. ಸಾದಾ ಗಂಟು, ಹೆದರಬೇಕಿಲ್ಲ ಎಂದರು. ಎರಡು ವರ್ಷ ಹ್ಯಾಗೆ ನಿದ್ದೆ ಮಾಡಿದೆಯೇ ಎಂದು ಅತ್ತೆ ಬೈದಳಂತೆ, ಆಕೆ ವಾಪಸು ಬರುವ ಬಸ್ಸಿನಲ್ಲಿ ಸಿರುಗುಪ್ಪದವರೆಗೂ ನಿದ್ದೆ ಮಾಡಿದಳಂತೆ.

ಗುಂಪಿನ ಕಾನೂನಿಗೂ ಒಂದು ತಿದ್ದುಪಡಿಯಾಯಿತು. ಬದುವಿನ ಮೇಲೆ ಎಲೆ ತಂಬಾಕು ಇಟ್ಟರೆ ಗುಂಪು ಮಡಿಗೆ ಇಳಿಯುವುದಿಲ್ಲ, ಶೇಂಗಾ ಬೆಲ್ಲ ಇಡಬೇಕು. ಇಬ್ಬರು ಇನ್ನೂ ಕುಪ್ಪಸದಲ್ಲಿ ಪುಡಿ ಇಟ್ಟುಕೊಂಡಿರುತ್ತಾರೆ, ನನಗೆ ಗೊತ್ತಿದೆ, ಅತ್ತೆಗೂ ಗೊತ್ತಿದೆ.

ತಾಲ್ಲೂಕಿನವರು ಈ ಸುದ್ದಿ ಕೇಳಿ, ಗುಂಪಿನ ಹೆಸರಿನಲ್ಲಿ ಒಂದು ಪ್ರಮಾಣಪತ್ರ ಕೊಡುತ್ತೇವೆಂದು ಸಿರುಗುಪ್ಪಕ್ಕೆ ಕರೆದರು. ಹದಿನಾಲ್ಕು ಮಂದಿ ಎರಡು ಆಟೊದಲ್ಲಿ ಬಂದರು. ಅಪ್ಪನೂ ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು ಹಿಂದಿನ ಸಾಲಿನಲ್ಲಿ ಕೂತಿದ್ದ. ಅಪ್ಪನ ಕೆನ್ನೆಯಲ್ಲಿ ಗುಟ್ಕಾ ಯಾವತ್ತೂ ಖಾಲಿಯಾಗಿದ್ದಿಲ್ಲ. ಅಕ್ಕನಿಗೆ ಆಪರೇಷನ್ ಆದ ಮೇಲೂ, ಬಾಯಿ ತೋರಿಸು ಎಂದು ನಾನು ಕೇಳಿದಾಗಲೆಲ್ಲ ‘ಅದೆಲ್ಲಾ ಹೆಂಗಸರ ಕೆಲಸ, ನನಿಗೇನಾಗೈತಿ?’ ಎಂದು ಎದ್ದುಹೋಗುತ್ತಿದ್ದ.

ವೇದಿಕೆಯಿಂದ ‘ಹುಲಿಗೆಮ್ಮ ಮತ್ತು ಸಂಗಡಿಗರು’ ಎಂದು ಕರೆದರು. ಅತ್ತೆ ಒಬ್ಬಳೇ ಏಳಲಿಲ್ಲ. ಹದಿನಾಲ್ಕೂ ಮಂದಿ ಎದ್ದು ಸಾಲಾಗಿ ವೇದಿಕೆ ಹತ್ತಿದರು. ಅಧಿಕಾರಿಗಳು ಗಲಿಬಿಲಿಗೊಂಡು ಕುರ್ಚಿ ಹಿಂದೆ ಸರಿಸಿ ಜಾಗ ಮಾಡಿಕೊಟ್ಟರು. ಪ್ರಮಾಣಪತ್ರ ಕೈಗೆ ಬಂತು. ಚಪ್ಪಾಳೆ ಬಿತ್ತು. ಅತ್ತೆ ಇಳಿದು ಬಂದು, ಮುಂದಿನ ಸಾಲಿನಲ್ಲಿದ್ದ ನನ್ನನ್ನು ದಾಟಿ, ಸೀದಾ ಅಪ್ಪನ ಹತ್ತಿರ ಹೋಗಿ ನಿಂತಳು. ಅಪ್ಪ ಬಾಯಿ ಮುಚ್ಚಿಕೊಂಡೇ ‘ಹ್ಞೂಂ’ ಎಂದು ಹೆಮ್ಮೆಯಿಂದ ತಲೆಯಾಡಿಸಿದ. ಮಾತಾಡಲು ಬಾಯಿ ಖಾಲಿಯಿರಲಿಲ್ಲ.

ಅತ್ತೆ ಪ್ರಮಾಣಪತ್ರವನ್ನು ಅವನ ಎರಡೂ ಕೈಗೆ ಕೊಟ್ಟಳು.

‘ಹಿಡಕಂಡ್ಯಾ? ಹೊರಗ ಹೋಗಿ ಉಗುಳಿ ಬಾ. ಲೇ ಸುಂಕಿ, ಟಾರ್ಚ್ ತಗಿ. ಹೆಂಗಸರ ಮಡಿ ಮುಗದೈತಿ. ಗಂಡಸರ ಮಡಿಗೆ ಮೊದಲು ನಮ್ಮ ತಮ್ಮನ್ನ ಇಳಸು.’